ಹ್ಯಾಂಡಿಯಲ್ಲಿ ರಿಪೀಟರ್ ಕೇಳುತ್ತೆ, ಆದರೆ ತೆರೆಯಲ್ಲ: ಯುವಿ-5ಆರ್ ಸೆಟಪ್, ಸುರಕ್ಷತೆ

ಹೊಸಹ್ಯಾಂಡಿ
ಹ್ಯಾಮ್ (ಹವ್ಯಾಸಿ) ರೇಡಿಯೋದ ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್ ಇದೆ. ಸೆಟ್ ಬೌಫೆಂಗ್ ಯುವಿ-5ಆರ್ ಹ್ಯಾಂಡಿ (ಕೈಯಲ್ಲಿ ಹಿಡಿಯೋ ವಾಕಿಟಾಕಿ), ಜೊತೆಗೆ ಬಂದ ಗಿಡ್ಡ ರಬ್ಬರ್ ಆಂಟೆನಾ. ಊರಿನ ರಿಪೀಟರ್ (ನಮ್ಮ ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸೋ ಕೇಂದ್ರ) ಔಟ್‌ಪುಟ್ 145.700 ಮೆಗಾಹರ್ಟ್ಸ್ ಅಂದುಕೊಳ್ಳಿ. ಅಲ್ಲಿನ ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತೆ. ಪಿಟಿಟಿ (ಮಾತಾಡೋ ಗುಂಡಿ) ಒತ್ತಿ ಕಾಲ್‌ಸೈನ್ (ಲೈಸೆನ್ಸ್‌ನ ಗುರುತು) ಹೇಳಿದರೆ ಉತ್ತರ ಇಲ್ಲ, ಬಿಟ್ಟಾಗ ರಿಪೀಟರ್ ಬಾಲವೂ (ನಾವು ಬಿಟ್ಟ ಮೇಲೆ ಅದು ಕ್ಷಣಕಾಲ ಪ್ರಸಾರದಲ್ಲೇ ಉಳಿಯೋ ಸದ್ದು) ಕೇಳಿಸಲ್ಲ. ಆಫ್‌ಸೆಟ್ (ಕೇಳೋ, ಕಳಿಸೋ ಫ್ರೀಕ್ವೆನ್ಸಿಗಳ ಅಂತರ) 600 ಕಿಲೋಹರ್ಟ್ಸ್, ಟೋನ್ (ರಿಪೀಟರ್ ತೆರೆಯೋಕೆ ಮಾತಿನ ಜೊತೆ ಹೋಗೋ ಸಣ್ಣ ದನಿ) 88.5 ಹರ್ಟ್ಸ್, ಹೈ ಪವರ್ ಹಾಕಿದ್ದೇನೆ. ಎಲ್ಲಿ ತಪ್ಪಿದೆ?

ಇನ್ನೊಂದು: ಮನೆಯಲ್ಲಿ ಚಿಕ್ಕ ಮಗು ಇದೆ. 5 ವಾಟ್‌ನ ಸೆಟ್ ಮುಖದ ಹತ್ತಿರ ಹಿಡಿದು ಮಾತಾಡೋದು ಎಷ್ಟು ಸರಿ?

ಗುಬ್ಬಿಲ್ಯಾಬ್
ಮೊದಲು ಒಂದೇ ಒಂದು ಸಂಗತಿ ನೋಡಿ. ಕಾಲ್‌ಸೈನ್ ಹೇಳ್ತಾ ಪಿಟಿಟಿ ಒತ್ತಿದಾಗ ಪರದೆ ಮೇಲಿನ ಸಂಖ್ಯೆ ಏನಾಗುತ್ತೆ?

145.100 ಬಂದರೆ ಆಫ್‌ಸೆಟ್ ಸರಿ. 145.700 ಹಾಗೇ ನಿಂತಿದ್ದರೆ ನೀವು ಮೆನು 26ರಲ್ಲಿ ಅಂತರ ಬರೆದಿದ್ದೀರಿ, ಮೆನು 25ರಲ್ಲಿ ದಿಕ್ಕು ಕೊಟ್ಟಿಲ್ಲ. ಎರಡೂ ಬೇಕು: 25 ಎಸ್‌ಎಫ್‌ಟಿ-ಡಿ ಮೈನಸ್, 26 ಆಫ್‌ಸೆಟ್ 00.600. 25 ಖಾಲಿ ಇದ್ದರೆ 26ರಲ್ಲಿ ಏನು ಬರೆದರೂ ಸೆಟ್ ಅದನ್ನ ಲೆಕ್ಕಕ್ಕೇ ತಗೊಳಲ್ಲ.

146.300 ಕಂಡರೆ ತಕ್ಷಣ ಬಿಡಿ. ಮೈನಸ್ ಬದಲು ಪ್ಲಸ್ ಬಿದ್ದಿದೆ. ನಮ್ಮ ದೇಶದಲ್ಲಿ 2 ಮೀಟರ್ ಬ್ಯಾಂಡ್ 144ರಿಂದ 146ಕ್ಕೆ ಮುಗೀತು, ನೀವು ಬೇರೆಯವರ ಜಾಗದಲ್ಲಿ ಪ್ರಸಾರ ಮಾಡ್ತಿದ್ದೀರಿ. ಈ ಸೆಟ್ 136ರಿಂದ 174ರವರೆಗೆ ಎಲ್ಲಿ ಒತ್ತಿದರೂ ಪ್ರಸಾರ ಮಾಡುತ್ತೆ, ತಡೆಯೋ ಗೇಟ್ ಅದರೊಳಗೆ ಇಲ್ಲ.

ಆಫ್‌ಸೆಟ್ ಸರಿ ಇದ್ದೂ ತೆರೆಯದಿದ್ದರೆ ಟೋನ್. 88.5 ಹಾಕಿದ್ದು ಮೆನು 11ರಲ್ಲೋ 13ರಲ್ಲೋ?

ಸಿಗ್ನಲ್‌ಸಾರು
ಅದರ ಜೊತೆಗೆ ಮೆನು 7, ಟಿಡಿಆರ್, ಆಫ್ ಮಾಡಿಬಿಡಿ. ಅದು ಆನ್ ಇದ್ದಾಗ ಸೆಟ್ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಸರದಿಯಲ್ಲಿ ಕೇಳ್ತಿರುತ್ತೆ. ಕೆಳಗಿನ ಸಾಲಿನಲ್ಲಿ ಯಾರೋ ಕೆಮ್ಮಿದರೂ ಮುಂದಿನ ಕೆಲವು ಸೆಕೆಂಡ್ ನಿಮ್ಮ ಪಿಟಿಟಿ ಆ ಸಾಲಿಗೇ ಹೋಗುತ್ತೆ. ಮಾತಾಡಿದ್ದು ಇಲ್ಲಿ ಅಂದುಕೊಂಡಿರ್ತೀರಿ, ಹೋಗಿದ್ದು ಅಲ್ಲಿಗೆ. ಪರದೆಯ ಎಡಗಡೆಯ ಪುಟ್ಟ ಬಾಣ ನೋಡಿಕೊಂಡು ಒತ್ತೋ ಅಭ್ಯಾಸ ಆಗುವವರೆಗೆ ಒಂದೇ ಸಾಲು ಸಾಕು.

14 ವಾಯ್ಸ್, 8 ಬೀಪ್ ಕೂಡ ಆಫ್. ಗುಂಡಿ ಒತ್ತಿದಾಗಲೆಲ್ಲ ಆ ಹೆಣ್ಣುದನಿ ‘ಮೆನು’ ಅನ್ನೋದು ಮನೆಯವರಿಗೂ ಬೇಡ.

ಗುಬ್ಬಿಲ್ಯಾಬ್
ಹೊಸ ಸೆಟ್‌ಗೆ ಹಾಕಬೇಕಾದ ಇನ್ನೆರಡು: 9 ಟಿಓಟಿ 60 ಸೆಕೆಂಡ್‌ನಲ್ಲೇ ಇರಲಿ, 23 ಬಿಸಿಎಲ್ ಆನ್. ಬಿಸಿಎಲ್ ಅಂದರೆ ಚಾನೆಲ್‌ನಲ್ಲಿ ಯಾರಾದರೂ ಮಾತಾಡ್ತಿದ್ದರೆ ನಿಮ್ಮ ಸೆಟ್ ಪ್ರಸಾರ ಮಾಡಲ್ಲ. ಟಿಓಟಿ ಅಂದರೆ ಪಿಟಿಟಿ ಸಿಕ್ಕಿಹಾಕಿಕೊಂಡರೆ ತಾನೇ ನಿಲ್ಲಿಸುತ್ತೆ.

ಪಿಟಿಟಿ ಸಿಕ್ಕಿಕೊಳ್ಳೋದು ಅಪರೂಪ ಅಲ್ಲ. ಕಾರ್ ಸೀಟಿನ ಸಂದಿಗೆ ಸೆಟ್ ಜಾರುತ್ತೆ, ಬ್ಯಾಗಿನಲ್ಲಿ ನೀರಿನ ಬಾಟಲಿ ಒತ್ತಿಕೊಳ್ಳುತ್ತೆ. ‘ಹ್ಯಾಶ್’ ಗುಂಡಿ ಒತ್ತಿ ಹಿಡಿದು ಲಾಕ್ ಮಾಡಿದ್ದೀನಲ್ಲ ಅನ್ನಬೇಡಿ, ಅದು ಕೀಪ್ಯಾಡನ್ನಷ್ಟೇ ಲಾಕ್ ಮಾಡೋದು. ಪಿಟಿಟಿ ಎಂದಿನಂತೆ ಜೀವಂತ.

ಇನ್ನೂ ಮೋಸದ್ದು ಸ್ಪೀಕರ್‌ಮೈಕ್ (ತಂತಿಯಿಂದ ಜೋಡಿಸೋ ಹೊರಗಿನ ಮೈಕ್) ಪ್ಲಗ್. ಎರಡು ಪಿನ್ನಿನ ಕೆನ್‌ವುಡ್ ಮಾದರಿ ಪ್ಲಗ್ ಪೂರ್ತಿ ಒಳಗೆ ಕೂರದೆ ಒಂದೆರಡು ಮಿಲಿಮೀಟರ್ ಹೊರಗೆ ನಿಂತರೆ ಒಳಗಿನ ಸಂಪರ್ಕಗಳು ತಪ್ಪು ಜಾಗದಲ್ಲಿ ತಾಗುತ್ತವೆ, ಸೆಟ್ ತಾನಾಗೇ ಪ್ರಸಾರಕ್ಕೆ ಹೋಗುತ್ತೆ. ಮೇಲಿನ ದೀಪ ಕೆಂಪಗೆ, ಮೈಕಿನಲ್ಲಿ ಏನೂ ಇಲ್ಲ. ರಿಪೀಟರ್‌ನಲ್ಲಿರೋರಿಗೆ ಬರೀ ಕ್ಯಾರಿಯರ್, ಅಂದರೆ ಮಾತಿಲ್ಲದ ಸಿಗ್ನಲ್. ಪ್ಲಗ್ ಹಾಕಿದ ಮೇಲೆ ದೀಪ ನೋಡಿ, ಕೆಂಪಾಗಿದ್ದರೆ ಇನ್ನೊಮ್ಮೆ ಒತ್ತಿ. ಸಿಲಿಕಾನ್ ಕವರ್ ಹಾಕಿದ್ದರೆ ಅದೇ ಅಡ್ಡ ಬರ್ತಿರುತ್ತೆ, ಆ ಜಾಗದಲ್ಲಿ ಕವರನ್ನ ಕತ್ತರಿಸಿ.

ಕಾಫಿಸಾಲು
ವಿಷಯ ಸ್ವಲ್ಪ ಬೇರೆ. ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಇಂಥದೇ ನಾಲ್ಕು ಸೆಟ್ ತಂದು ರೈಟರ್‌ಗೆ (ತೋಟದ ಮೇಲ್ವಿಚಾರಕ), ಪಂಪ್‌ಹೌಸಿಗೆ, ಗೇಟಿಗೆ ಕೊಡೋಣ ಅಂತ. ಆನ್‌ಲೈನ್‌ನಲ್ಲಿ ಸಿಗುತ್ತೆ ಅಂದ ಮೇಲೆ ತೊಂದರೆ ಇರಲ್ಲ ಅಲ್ವಾ?

ಕಾನೂನುಕಟ್ಟೆ
ಸಿಗುತ್ತೆ ಅನ್ನೋದಕ್ಕೂ ಬಳಸಬಹುದು ಅನ್ನೋದಕ್ಕೂ ಸಂಬಂಧ ಇಲ್ಲ. ಆ ಗೊಂದಲಕ್ಕಾಗಿಯೇ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿ ತಂದಿದ್ದು. ವಾಕಿಟಾಕಿ ಪಟ್ಟಿ ಮಾಡೋರು ಅದು ಯಾವ ಫ್ರೀಕ್ವೆನ್ಸಿಯದು, ಲೈಸೆನ್ಸ್ ಬೇಕೋ ಬೇಡವೋ ಹೇಳಬೇಕು, ಸಲಕರಣೆಗೆ ಟೈಪ್ ಅಪ್ರೂವಲ್ (ಆ ಮಾದರಿಗೆ ಸರ್ಕಾರದ ಒಪ್ಪಿಗೆ) ಇರಬೇಕು.

ನಿಮ್ಮ ವಿಷಯಕ್ಕೆ ಬಂದರೆ:

ಹ್ಯಾಮ್ ಲೈಸೆನ್ಸ್ ತೋಟದ ಕೆಲಸಕ್ಕೆ ನಡೆಯಲ್ಲ. ಅದು ವೈಯಕ್ತಿಕ ಕಲಿಕೆ, ಪ್ರಯೋಗಕ್ಕೆ ಕೊಡೋದು. ವ್ಯವಹಾರದ ಮಾತಿಗೆ ಅಲ್ಲಿ ಜಾಗ ಇಲ್ಲ. ನೀವೊಬ್ಬರು ಪರೀಕ್ಷೆ ಪಾಸಾದರೆ ಉಳಿದ ಮೂವರಿಗೆ ಅದು ಅನ್ವಯಿಸುವುದೂ ಇಲ್ಲ.

ಲೈಸೆನ್ಸ್ ಬೇಡದ ದಾರಿ 446.0ರಿಂದ 446.2 ಮೆಗಾಹರ್ಟ್ಸ್. 2018ರ ನಿಯಮದಲ್ಲಿ ಕಡಿಮೆ ಪವರ್ ಸೆಟ್‌ಗಳಿಗೆ ಬಿಟ್ಟಿರೋ ಜಾಗ. ಇದಕ್ಕೆಂದೇ ಮಾಡಿದ, ಆಂಟೆನಾ ಬಿಚ್ಚಲಾಗದ, ಅರ್ಧ ವಾಟ್‌ನ ಸೆಟ್‌ಗಳು ಬರುತ್ತವೆ. ಟೈಪ್ ಅಪ್ರೂವಲ್ ಇರೋದನ್ನ ತಗೊಳ್ಳಿ.

ಅದು ಸಾಲದಿದ್ದರೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದಿಂದ ಸ್ವಂತ ಬಳಕೆಯ ಫ್ರೀಕ್ವೆನ್ಸಿ ಪಡೆಯಬೇಕು. ಡೀಲರ್ ಮೂಲಕ ಹೋದರೆ ಕಾಗದಪತ್ರದ ತಲೆನೋವು ಕಮ್ಮಿ.

‘ಯುವಿ-5ಆರ್‌ನ್ನೇ 446ಕ್ಕೆ ಟ್ಯೂನ್ ಮಾಡ್ತೀನಿ’ ಅನ್ನೋರು ಇದ್ದಾರೆ. ಆಗಲ್ಲ. ಲೋ ಪವರ್‌ನಲ್ಲೂ ಅದು 1 ವಾಟ್, ಆಂಟೆನಾ ಬಿಚ್ಚುತ್ತೆ. ವಿನಾಯಿತಿ ಇರೋದು ಸಲಕರಣೆಗೂ ಸೇರಿ, ಬರೀ ಸಂಖ್ಯೆಗಲ್ಲ.

ಹೊಸಹ್ಯಾಂಡಿ
ಲೈಸೆನ್ಸ್ ಇಲ್ಲದವರು ಬರೀ ಕೇಳೋಕೆ ಇಟ್ಟುಕೊಂಡರೆ? ತಮ್ಮನಿಗೂ ಒಂದು ಬೇಕಂತೆ.

ಕಾನೂನುಕಟ್ಟೆ
ಪ್ರಸಾರ ಮಾಡಬಲ್ಲ ಸೆಟ್ ಆದರೆ ಇಟ್ಟುಕೊಳ್ಳೋದಕ್ಕೇ ಅನುಮತಿ ಬೇಕು. 1933ರ ವೈರ್‌ಲೆಸ್ ಕಾಯ್ದೆಯಿಂದಲೂ ಹಾಗೇ, 2023ರ ದೂರಸಂಪರ್ಕ ಕಾಯ್ದೆಯೂ ‘ಹೊಂದಿರುವುದು’ ಎಂಬುದನ್ನೇ ಹಿಡಿದಿದೆ. ತಮ್ಮನಿಗೆ 12 ತುಂಬಿದ್ದರೆ ಪರೀಕ್ಷೆಗೆ ಕೂರಿಸಿ, ಸೆಟ್ ಆಮೇಲೆ.

ತುದಿಗುಡ್ಡ
ಕಾಫಿಸಾಲು ಅವರಿಗೆ: ಅರ್ಧ ವಾಟ್ ಅಂತ ಕೈಬಿಡಬೇಡಿ. ದೂರ ತೀರ್ಮಾನ ಆಗೋದು ವಾಟ್‌ನಿಂದ ಅಲ್ಲ, ಎತ್ತರದಿಂದ. ಲೆಕ್ಕ ಸುಲಭ: ಆಂಟೆನಾ ಎತ್ತರವನ್ನ ಮೀಟರ್‌ನಲ್ಲಿ ತಗೊಂಡು ವರ್ಗಮೂಲ ಮಾಡಿ, 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರ್‌ನಲ್ಲಿ ಬರುತ್ತೆ. ಬಯಲಲ್ಲಿ ನಿಂತವನ ಕೈಯ ಸೆಟ್ ಒಂದೂವರೆ ಮೀಟರ್ ಎತ್ತರ, ಅಂದರೆ 5 ಕಿಲೋಮೀಟರ್. ಇಬ್ಬರದ್ದೂ ಸೇರಿದರೆ 10. ನಂದಿಬೆಟ್ಟದ ತುದಿ 1478 ಮೀಟರ್, ಬೆಂಗಳೂರಿನ ನೆಲ ಸುಮಾರು 900. ವ್ಯತ್ಯಾಸ 570 ಹತ್ತಿರ, ದಿಗಂತ 98 ಕಿಲೋಮೀಟರ್. ಹಾಗಾಗಿ ಬೆಟ್ಟದ ಮೇಲಿಂದ ನಗರಕ್ಕೆ 1 ವಾಟ್ ಆರಾಮ ಹೋಗುತ್ತೆ, ಅದೇ ಸೆಟ್ ನಗರದೊಳಗೆ ನಾಲ್ಕು ಅಪಾರ್ಟ್‌ಮೆಂಟ್ ದಾಟಲ್ಲ.

ತೋಟದಲ್ಲಿ ಸಮಸ್ಯೆ ಬೇರೆ. ಸಿಲ್ವರ್ ಓಕ್, ಬಳ್ಳಿ ಹಬ್ಬಿದ ನೆರಳಿನ ಮರ, ಮಳೆಗಾಲದಲ್ಲಿ ಒದ್ದೆ ಎಲೆ. ಯುಎಚ್‌ಎಫ್ (446ರಂಥ ಮೇಲಿನ ಬ್ಯಾಂಡ್) ಒದ್ದೆ ಎಲೆಗೆ ಬೇಗ ಸೋಲುತ್ತೆ, ವಿಎಚ್‌ಎಫ್ (145ರಂಥ ಕೆಳಗಿನ ಬ್ಯಾಂಡ್) ಅಷ್ಟಲ್ಲ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ‘ಎಲ್ಲ ಕಡೆ ಸಿಗುತ್ತೆ’ ಅಂತ ತೀರ್ಮಾನಿಸಿದರೆ ಜುಲೈನಲ್ಲಿ ಪಂಪ್‌ಹೌಸ್ ಕಾಣೆಯಾಗುತ್ತೆ. ಕಣಿವೆಯಲ್ಲಿರೋ ಮನುಷ್ಯನನ್ನ ಮಾತಿನ ಹೊತ್ತಿಗೆ ದಿಣ್ಣೆ ಹತ್ತಿಸಿ. ಹತ್ತು ಮೀಟರ್ ಮೇಲೆ ಬಂದರೆ ಹತ್ತು ಪಟ್ಟು ಪವರ್ ಕೊಟ್ಟಷ್ಟೇ ಉಪಯೋಗ ಆಗೋ ಜಾಗಗಳಿವೆ.

ಹೊಸಹ್ಯಾಂಡಿ
ಹಾಗಾದರೆ 8 ವಾಟ್ ಸೆಟ್ ತಗೊಂಡರೆ ಲಾಭ ಇಲ್ವಾ?

ಗುಬ್ಬಿಲ್ಯಾಬ್
5ರಿಂದ 8 ವಾಟ್ ಅಂದರೆ 2 ಡೆಸಿಬೆಲ್, ಕಿವಿಗೆ ಗೊತ್ತಾದರೆ ಹೆಚ್ಚು. 1ರಿಂದ 5ಕ್ಕೆ 7 ಡೆಸಿಬೆಲ್, ಒಂದು ಎಸ್ ಯೂನಿಟ್‌ಗಿಂತ (ಸಿಗ್ನಲ್ ಮೀಟರ್‌ನ ಒಂದು ಮೆಟ್ಟಿಲು) ಚೂರು ಜಾಸ್ತಿ. ಬ್ಯಾಟರಿ ಮಾತ್ರ ಬೇಗ ಖಾಲಿ, ಸೆಟ್ ಬಿಸಿ. ದುಡ್ಡನ್ನ ಆಂಟೆನಾಕ್ಕೆ ಹಾಕಿ.

ಅದಕ್ಕೂ ಮುಂಚೆ ಹತ್ತು ರೂಪಾಯಿಯ ಕೆಲಸ ಒಂದಿದೆ: ಬಾಲದ ತಂತಿ. ಗಿಡ್ಡ ಆಂಟೆನಾಕ್ಕೆ ಇನ್ನರ್ಧ ಬೇಕು. ಆ ಅರ್ಧ ಈಗ ನಿಮ್ಮ ಕೈ, ಮೈ. ಅದರ ಬದಲು 49 ಸೆಂಟಿಮೀಟರ್ ಸಪೂರ ಇನ್ಸುಲೇಟೆಡ್ ತಂತಿ ತಗೊಳ್ಳಿ. 145 ಮೆಗಾಹರ್ಟ್ಸ್‌ಗೆ ಅದು ಕಾಲು ಅಲೆ, 435ಕ್ಕೆ ಮುಕ್ಕಾಲು ಅಲೆ, ಎರಡು ಬ್ಯಾಂಡಿಗೂ ಒದಗುತ್ತೆ. ಒಂದು ತುದಿಗೆ 6 ಎಂಎಂ ಬೋಲ್ಟಿನ ರಿಂಗ್ ಲಗ್ ಕ್ರಿಂಪ್ ಮಾಡಿ. ಆಂಟೆನಾ ಬಿಚ್ಚಿ, ಅದರ ಥ್ರೆಡ್‌ಗೆ ಲಗ್ ತೂರಿಸಿ, ಮತ್ತೆ ತಿರುಗಿಸಿ ಕೂರಿಸಿ. ಲಗ್ ಸೆಟ್‌ನ ಕನೆಕ್ಟರ್ ಲೋಹಕ್ಕೆ ತಾಗಬೇಕು. ಕಾಗದದಷ್ಟು ತೆಳು ಲಗ್ ಇರಲಿ, ದಪ್ಪ ಆದರೆ ಆಂಟೆನಾ ಪೂರ್ತಿ ಒಳಗೆ ಇಳಿಯಲ್ಲ, ನಡುಪಿನ್ ಅರ್ಧಂಬರ್ಧ ತಾಗುತ್ತೆ. ಅದು ಆಂಟೆನಾ ಇಲ್ಲದೆ ಪ್ರಸಾರ ಮಾಡಿದಂತೆಯೇ. ತಂತಿಯ ಕೆಳತುದಿಗೆ ಹೀಟ್‌ಶ್ರಿಂಕ್ ಹಾಕಿ ಮುಚ್ಚಿ, ಪ್ರಸಾರದ ವೇಳೆ ವೋಲ್ಟೇಜ್ ಹೆಚ್ಚಿರೋದು ಆ ತುದಿಯಲ್ಲೇ. ಸುಮ್ಮನೆ ಕೆಳಕ್ಕೆ ತೂಗಲಿ.

ಸಿಗ್ನಲ್‌ಸಾರು
ಉದ್ದ ಆಂಟೆನಾ ಕೊಳ್ಳೋರಿಗೆ: ಬೌಫೆಂಗ್ ಸೆಟ್‌ನಲ್ಲಿ ಪಿನ್ ಸೆಟ್ ಕಡೆ ಇರುತ್ತೆ, ಆದ್ದರಿಂದ ಆಂಟೆನಾ ಎಸ್‌ಎಂಎ-ಫೀಮೇಲ್ (ಪಿನ್ ಬದಲು ತೂತು ಇರೋ ಕನೆಕ್ಟರ್) ಬೇಕು. ಯಾಯೆಸು, ಐಕಾಮ್ ಕಂಪನಿಗಳ ಸೆಟ್‌ಗೆ ಉಲ್ಟಾ. ನಾಗೋಯಾ 771 ಅನ್ನೋ ಉದ್ದ ಆಂಟೆನಾ ಹೆಸರಲ್ಲಿ ನಕಲಿ ರಾಶಿ ಇದೆ. ಜೊತೆಗೆ 38 ಸೆಂಟಿಮೀಟರ್ ಚಾವಟಿ ಹಾಕಿಕೊಂಡು ಕಾರಿಗೆ ಹತ್ತಿ ಇಳಿದು ಮಾಡಿದರೆ ಎಸ್‌ಎಂಎ ಬುಡ ಸಡಿಲ ಆಗುತ್ತೆ. ಆಂಟೆನಾ ಹಿಡಿದು ಸೆಟ್ ಎತ್ತಬಾರದು, ಇದನ್ನ ನೂರು ಸಲ ಹೇಳಿದರೂ ಕಮ್ಮಿ.

ಗುಬ್ಬಿಲ್ಯಾಬ್
ಆಂಟೆನಾ ಇಲ್ಲದೆ ಒತ್ತಲೇಬೇಡಿ. ಪವರ್ ವಾಪಸ್ ಬಂದು ಕೊನೆಯ ಟ್ರಾನ್ಸಿಸ್ಟರ್ ಸುಡುತ್ತೆ. ಆಮೇಲೆ ಸೆಟ್ ಕೇಳುತ್ತೆ, ದೀಪ ಕೆಂಪಾಗುತ್ತೆ, ಹೊರಗೆ ಏನೂ ಹೋಗಲ್ಲ. ಬೆಂಚಿನ ಮೇಲೆ ಪರೀಕ್ಷಿಸೋದಾದರೆ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಕುಡಿಯೋ ರೆಸಿಸ್ಟರ್) ಹಾಕಿ. ನ್ಯಾನೋ ವಿಎನ್‌ಎಗೆ (ಆಂಟೆನಾ ಅಳೆಯೋ ಪುಟ್ಟ ಉಪಕರಣ) ಸೆಟ್ ಜೋಡಿಸಿ ಪಿಟಿಟಿ ಒತ್ತೋ ಮಹಾಶಯರು ಇದ್ದಾರೆ. ಅದು ಪವರ್ ಮೀಟರ್ ಅಲ್ಲ, ಆ ಕ್ಷಣಕ್ಕೇ ಹೋಗುತ್ತೆ.

ಹೊಸಹ್ಯಾಂಡಿ
ಮುಖದ ಹತ್ತಿರದ ಪ್ರಶ್ನೆ ಹಾಗೇ ಉಳೀತು.

ಗುಬ್ಬಿಲ್ಯಾಬ್
ಇದು ಎಕ್ಸ್‌ರೇ ಥರದ ವಿಕಿರಣ ಅಲ್ಲ. ದೇಹದ ಅಂಗಾಂಶ ಸ್ವಲ್ಪ ಬಿಸಿಯಾಗೋದಷ್ಟೇ ಪ್ರಶ್ನೆ. ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸಾರ್ವಜನಿಕರ ತಲೆ, ಮುಂಡಕ್ಕೆ ಮಿತಿ ಪ್ರತಿ ಕಿಲೋಗೆ 2 ವಾಟ್, ಅದೂ 6 ನಿಮಿಷದ ಸರಾಸರಿ. ಈ ಸರಾಸರಿಯೇ ಮುಖ್ಯ. ಎಫ್‌ಎಂನಲ್ಲಿ ನೀವು ಸುಮ್ಮನಿದ್ದರೂ ಪಿಟಿಟಿ ಒತ್ತಿದಷ್ಟು ಹೊತ್ತೂ ಪೂರ್ತಿ 5 ವಾಟ್ ಹೊರಗೆ. 6 ನಿಮಿಷದಲ್ಲಿ ಒಟ್ಟು 1 ನಿಮಿಷ ಒತ್ತಿದರೆ ಸರಾಸರಿ 0.83 ವಾಟ್, 3 ನಿಮಿಷ ಒತ್ತಿದರೆ 2.5. ಅರ್ಧಕ್ಕಿಂತ ಹೆಚ್ಚು ಹೊತ್ತು ಒತ್ತಬೇಡಿ ಅಂತ ಸೆಟ್‌ಗಳ ಕೈಪಿಡಿಯಲ್ಲಿ ಬರೆದಿರೋದು ಇದಕ್ಕೇ.

ಸೆಟ್ ನೆಟ್ಟಗೆ, ಬಾಯಿಂದ 5 ಸೆಂಟಿಮೀಟರ್ ದೂರ, ಚೂರು ಪಕ್ಕಕ್ಕೆ. ಆಂಟೆನಾ ಕಣ್ಣಿಗೆ, ಹಣೆಗೆ ತಾಗಬಾರದು. ಫೋನಿನ ಹಾಗೆ ಕೆನ್ನೆಗೆ ಒತ್ತಿ ಮಲಗಿಸೋದು ಎರಡು ಕಡೆಯಿಂದ ತಪ್ಪು: ತಲೆಗೆ ಹತ್ತಿರ, ಜೊತೆಗೆ ಅಡ್ಡ ಧ್ರುವೀಕರಣದಿಂದ (ಆಂಟೆನಾ ಮಲಗಿದರೆ ಅಲೆಯೂ ಅಡ್ಡ ಮಲಗುತ್ತೆ) ಎದುರಿನವರಿಗೆ ಸಿಗ್ನಲ್ ಕುಸಿತ. ಮಗು ಕಂಕುಳಲ್ಲಿ ಇದ್ದಾಗ ಪ್ರಸಾರ ಬೇಡ. ಒಂದೆರಡು ಹೆಜ್ಜೆ ಆಚೆ ಇದ್ದರೆ ಚಿಂತೆ ಇಲ್ಲ. ಹತ್ತಿರದ ರಿಪೀಟರ್‌ಗೆ ಲೋ ಪವರ್ ಸಾಕು, ಮೆನು 2.

ತುದಿಗುಡ್ಡ
ಸ್ಪೀಕರ್‌ಮೈಕ್ ಹಾಕಿ ಸೆಟ್ ಬೆಲ್ಟಿಗೆ ಸಿಕ್ಕಿಸಿದರೆ ತಲೆಯಿಂದ ದೂರ ಆಗಲ್ವಾ?

ಗುಬ್ಬಿಲ್ಯಾಬ್
ತಲೆಯಿಂದ ದೂರ, ಸೊಂಟಕ್ಕೆ ಹತ್ತಿರ. ಆಂಟೆನಾ ಮೈಗೆ ಒರಗಿಕೊಂಡಾಗ ಪವರ್‌ನ ದೊಡ್ಡ ಪಾಲನ್ನ ಮೈಯೇ ಕುಡಿಯುತ್ತೆ, ಸಿಗ್ನಲ್ ಕೂಡ ಬೀಳುತ್ತೆ. ಕೇಳೋಕೆ ಬೆಲ್ಟ್ ಸರಿ, ಮಾತಾಡುವಾಗ ಕೈಗೆ ತಗೊಳ್ಳಿ. ಪೇಸ್‌ಮೇಕರ್ ಇರೋರು ಅಂಗಿ ಜೇಬಲ್ಲಿ ಇಡಲೇಬಾರದು. 5 ವಾಟ್ ಸೆಟ್‌ಗೆ 30 ಸೆಂಟಿಮೀಟರ್ ಅಂತರ, ಸಾಧನದ ಪುಸ್ತಕದಲ್ಲಿ ಅದಕ್ಕಿಂತ ಹೆಚ್ಚು ಬರೆದಿದ್ದರೆ ಅದೇ ಅಂತಿಮ.

ಬಿಸಿಲುಸೀಮೆ
ನಮ್ಮ ಕಡೆ ಇನ್ನೆರಡು ಮಾತು ಹೇಳಬೇಕ್ರಿ. ಸಂಡೂರು ಗಣಿ, ಇಳಕಲ್ಲ ಕಲ್ಲಿನ ಕ್ವಾರಿ ಹತ್ರ ‘ವೈರ್‌ಲೆಸ್ ಬಂದ್ ಮಾಡಿರಿ’ ಅಂತ ಬೋರ್ಡ್ ಕಂಡ್ರ ಸೆಟ್ ಪೂರ್ತಿ ಆಫ್ ಮಾಡ್ರಿ. ಲೋ ಪವರ್ ಮಾಡಿದ್ರ ನಡೀತೈತಿ ಅನ್ನಬ್ಯಾಡ್ರಿ. ಎಲೆಕ್ಟ್ರಿಕ್ ಡಿಟೊನೇಟರಿನ ವೈರ್ ಉದ್ದಕ್ಕ ಹಾಸಿರ್ತಾರ, ಅದ ಆಂಟೆನಾ ಆಗಿ ನಿಮ್ಮ ಸಿಗ್ನಲ್ ಹಿಡೀತೈತಿ. ಪೆಟ್ರೋಲ್ ಬಂಕಿನಾಗ ಮತ್ತ ಗ್ಯಾಸ್ ಇರೋ ಜಾಗಾದಾಗ ಬ್ಯಾಟರಿ ತಗಿಯೂದು, ಹಾಕೂದು ಮಾಡಬ್ಯಾಡ್ರಿ, ಕಿಡಿ ಬರೂದು ಅಲ್ಲೇ.

ಎರಡನೇದು ಬಿಸಿಲು. ರಾಯಚೂರು, ಕಲಬುರಗಿ ಮೇ ತಿಂಗಳ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ಸೆಟ್ ಬಿಟ್ರ ಬ್ಯಾಟರಿ ಉಬ್ಬತೈತಿ. 45 ಡಿಗ್ರಿ ಮ್ಯಾಲ ಲಿಥಿಯಂ ಅಯಾನ್ ಚಾರ್ಜಿಗೆ ಹಾಕಬಾರದು, ಬಿಸಿ ಇದ್ರ ಆರಿದ ಮ್ಯಾಲ ಹಾಕ್ರಿ. ಬ್ಯಾಟರಿ ಸೆಟ್ಟಿಗೆ ಕೂಡೂವಾಗ ಬಿಗಿ ಆತಂದ್ರ ಉಬ್ಬೈತಿ ಅಂತ ತಿಳೀರಿ, ಜಬರದಸ್ತಿ ತುರಕಬ್ಯಾಡ್ರಿ, ಚುಚ್ಚಬ್ಯಾಡ್ರಿ, ಇ-ತ್ಯಾಜ್ಯಕ್ಕ ಕೊಡ್ರಿ.

ಸಿಗ್ನಲ್‌ಸಾರು
ಚಾರ್ಜರ್ ವಿಷಯ: ಸೆಟ್ ಕೂರಿಸಿ ಚಾರ್ಜ್ ಮಾಡೋ ತೊಟ್ಟಿಲಿಗೆ ಬರೋ ಅಡಾಪ್ಟರ್ 10 ವೋಲ್ಟ್. ಮನೆಯಲ್ಲಿದ್ದ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಪಿನ್ ಕೂರುತ್ತೆ ಅಂತ ಚುಚ್ಚಬೇಡಿ.

ತುದಿಗುಡ್ಡ
ಚಾರಣಕ್ಕೆ ಒಯ್ಯೋರಿಗೆ ಬ್ಯಾಟರಿ ಲೆಕ್ಕ: 1800 ಎಂಎಎಚ್. ಹೈ ಪವರ್ ಪ್ರಸಾರಕ್ಕೆ ಸುಮಾರು 1.4 ಆಂಪಿಯರ್. ನೂರಕ್ಕೆ ಐದು ಪಾಲು ಮಾತು, ಐದು ಪಾಲು ಕೇಳೋದು, ಉಳಿದದ್ದು ಸುಮ್ಮನೆ ಕಾಯೋದು ಅಂದುಕೊಂಡರೆ ಸರಾಸರಿ 150 ಮಿಲಿಆಂಪಿಯರ್, ಅಂದರೆ 12 ಗಂಟೆ. ಒಬ್ಬರು ಹರಟೆಗೆ ಇಳಿದರೆ ಮಧ್ಯಾಹ್ನಕ್ಕೇ ಮುಗೀತು.

ಮುಳ್ಳಯ್ಯನಗಿರಿ, ಕುದುರೆಮುಖದ ಮಳೆಯಲ್ಲಿ ಈ ಸೆಟ್‌ಗೆ ರಕ್ಷಣೆ ಇಲ್ಲ. ಜಿಪ್ ಇರೋ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟೇ ಮಾತಾಡಬಹುದು, ಪ್ಲಾಸ್ಟಿಕ್ ಸಿಗ್ನಲ್ ತಡೆಯಲ್ಲ, ದನಿ ಚೂರು ಮಂಕಾಗುತ್ತೆ. ಗುಡುಗು ಕೇಳಿದರೆ ಬೋಳು ನೆತ್ತಿಯಿಂದ ಇಳಿಯಿರಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ. ಮನೆಯಲ್ಲಿ ತಾರಸಿ ಆಂಟೆನಾಕ್ಕೆ ಹ್ಯಾಂಡಿ ಜೋಡಿಸಿದ್ದರೆ ಏಪ್ರಿಲ್-ಮೇ ಸಂಜೆಗಳಲ್ಲಿ ಕೇಬಲ್ ಮೊದಲೇ ಬಿಚ್ಚಿಡಿ, ಮಿಂಚು ಶುರುವಾದ ಮೇಲೆ ಕೈ ಹಾಕಬೇಡಿ.

ಹೊಸಹ್ಯಾಂಡಿ
ಪರದೆ ನೋಡಿದೆ: ಒತ್ತಿದಾಗ 145.100 ಬರ್ತಿದೆ. ಟೋನ್ ಮೆನು 11ರಲ್ಲಿ ಹಾಕಿದ್ದೆ.

ಗುಬ್ಬಿಲ್ಯಾಬ್
ಸಿಕ್ಕಿತು. 11 ಆರ್-ಸಿಟಿಸಿಎಸ್, ಅದು ನಿಮ್ಮ ಕಿವಿಗೆ ಹಾಕೋ ಬೀಗ. 13 ಟಿ-ಸಿಟಿಸಿಎಸ್, ಅದು ರಿಪೀಟರ್ ಬಾಗಿಲಿಗೆ ತೋರಿಸೋ ಕೀ. 13ಕ್ಕೆ 88.5 ಹಾಕಿ, 11 ಆಫ್ ಮಾಡಿ. ಎಷ್ಟೋ ರಿಪೀಟರ್ ಟೋನ್ ವಾಪಸ್ ಕಳಿಸಲ್ಲ. ಆಗ 11 ಆನ್ ಇದ್ದರೆ ಏನೂ ಕೇಳಿಸಲ್ಲ. ನಿಮ್ಮದು ಕಳಿಸುತ್ತೆ, ಅದಕ್ಕೇ ಅನುಮಾನ ಬರಲಿಲ್ಲ.

ಈಗ ಮೆಮೊರಿಗೆ: ವಿಎಫ್‌ಓನಲ್ಲಿ (ಫ್ರೀಕ್ವೆನ್ಸಿಯನ್ನ ನೇರ ಒತ್ತಿ ಹಾಕೋ ವಿಧಾನ) ಎಲ್ಲ ಸರಿ ಮಾಡಿಕೊಂಡು, ಮೆನು 28ರಲ್ಲಿ ಆ ಚಾನೆಲ್ ಮೊದಲು ಅಳಿಸಿ, ಆಮೇಲೆ 27ರಲ್ಲಿ ಉಳಿಸಿ. ತುಂಬಿದ ಚಾನೆಲ್ ಮೇಲೆ ಉಳಿಸಿದರೆ ಸೆಟ್ ಅದನ್ನ ಪ್ರಸಾರದ ಫ್ರೀಕ್ವೆನ್ಸಿ ಅಂತ ಬರೆದುಕೊಳ್ಳುತ್ತೆ. ಹತ್ತಕ್ಕಿಂತ ಹೆಚ್ಚು ಚಾನೆಲ್ ಇದ್ದರೆ ಚಿರ್ಪ್ ತಂತ್ರಾಂಶ, ಕೇಬಲ್. ಮೊದಲು ಸೆಟ್‌ನಲ್ಲಿರೋದನ್ನ ಕಂಪ್ಯೂಟರ್‌ಗೆ ಇಳಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ‘ಸೆಟ್ ಉತ್ತರಿಸಲಿಲ್ಲ’ ಅಂದರೆ ಮತ್ತದೇ ಪ್ಲಗ್, ಇನ್ನೊಮ್ಮೆ ಒತ್ತಿ. ಕೇಳೋಕಷ್ಟೇ ಇರೋ ಚಾನೆಲ್‌ಗಳಿಗೆ, ಉದಾಹರಣೆಗೆ ಅಂತರಿಕ್ಷ ನಿಲ್ದಾಣದ 145.800, ಚಿರ್ಪ್‌ನ ಡ್ಯೂಪ್ಲೆಕ್ಸ್ ಕಾಲಂನಲ್ಲಿ ‘ಆಫ್’ ಕೊಡಿ. ಆ ಚಾನೆಲ್‌ನಲ್ಲಿ ಪಿಟಿಟಿ ಸತ್ತಂತೆ.

ಹೊಸಹ್ಯಾಂಡಿ
13ಕ್ಕೆ ಹಾಕಿದೆ, ಬಾಲ ಕೇಳ್ತಿದೆ! ಪಕ್ಕದಲ್ಲೇ ಗೆಳೆಯನ ಸೆಟ್ ಇಟ್ಟು ನನ್ನ ದನಿ ಹೇಗಿದೆ ಕೇಳೋಣ ಅಂದರೆ ಅದರಲ್ಲಿ ಬರೀ ಗರಗರ. ಮೊದಲ ಅಕ್ಷರವೂ ನುಂಗಿಹೋಗುತ್ತೆ ಅಂತ ಒಬ್ಬರು ಹೇಳಿದರು.

ಗುಬ್ಬಿಲ್ಯಾಬ್
ಪಕ್ಕದ ಸೆಟ್‌ಗೆ ನಿಮ್ಮ 5 ವಾಟ್ ಕಿವಿಗಡಚಿಕ್ಕುತ್ತೆ, ಬರೀ 600 ಕಿಲೋಹರ್ಟ್ಸ್ ಆಚೆಯ ರಿಪೀಟರ್ ಅದಕ್ಕೆ ಕೇಳಿಸಲ್ಲ. ಅದನ್ನ ಬೀದಿಯ ಆ ತುದಿಗೆ ಕಳಿಸಿ, ನೀವು ಲೋ ಪವರ್‌ಗೆ ಬನ್ನಿ.

ಅಕ್ಷರ ನುಂಗೋದಕ್ಕೆ: ಪಿಟಿಟಿ ಒತ್ತಿ, ಒಂದು ಸೆಕೆಂಡ್ ಬಿಟ್ಟು ಬಾಯಿ ತೆರೆಯಿರಿ. ರಿಪೀಟರ್ ಟೋನ್ ಗುರುತಿಸೋಕೆ, ಕೇಳುವವರ ಸೆಟ್ ಬ್ಯಾಟರಿ ಉಳಿತಾಯದ ನಿದ್ದೆಯಿಂದ ಏಳೋಕೆ ಅಷ್ಟು ಹೊತ್ತು ಬೇಕು.